ನಾಲ್ಕು ಮಿಲಿಮೀಟರ್

ಕಾರವಾರ ರೋಡಿನ ರೈಲ್ವೆ ಬ್ರಿಜ್ಜಿನಾಚೆ
ಗೌಸ್‌ಮೋದಿನನ ತಗಡಿನ ಶೆಡ್ಡು.
ನಾಲ್ಕು ಸ್ಟ್ಯಾಂಡಿನ ಮೇಲೆ ನನ್ನ ಹಳೆಯ ಬಲೆನೊ.
ಗಾಲಿಗಳು ಗೋಡೆಗೊರಗಿ ಕೂತಿದ್ದವು.
"ಬರ್ರಿ ಸರ, ಒಳಗ ಬರ್ರಿ" ಅಂದ.
ಒಳಗೆ ಎಂದರೆ ಗಾಡಿಯ ಕೆಳಗೆ.

ಹನ್ನೊಂದು ವರ್ಷ ಇದರೊಳಗೆ ಕೂತವನು
ಇದರ ಹೊಟ್ಟೆ ಕಂಡದ್ದು ಅವತ್ತೇ.
ನವಲಗುಂದದ ಎರೆಮಣ್ಣು ಸಂದಿಸಂದಿಗೆ ಮೆತ್ತಿ
ಹಂಚಿನಂತೆ ಗಟ್ಟಿಯಾಗಿತ್ತು.
ಮುದಕಪ್ಪ, ಹದಿನಾರರ ಹುಡುಗ,
ಕೆರೆದು ಕೆರೆದು ಆಯಿಲ್ ಡಬ್ಬಿ ತುಂಬಿಸಿ
"ಒಂದ ಸಾಲ ಕಡ್ಲಿ ಬಿತ್ತಬಹುದು ನೋಡ್ರಿ" ಎಂದ.

ನಾನು ತಂದದ್ದು ಒಂದು ಅಡ್ಡಪಟ್ಟಿ.
ಗೋಕುಲ ರೋಡಿನ ಲೇತಿನ ಬಡಿಗೇರ ಮಾಡಿಕೊಟ್ಟದ್ದು:
ಚೌಕ ಪೈಪು, ಎರಡೂ ತುದಿಗೆ ಚಪ್ಪಟೆ ಕಿವಿ,
ಕಿವಿಗೆರಡು ತೂತು, ಶಾಲೆ ಬಸ್ಸಿನ ಹಳದಿ ಬಣ್ಣ,
ತೂಕ ಮೂರೂಕಾಲು ಕಿಲೊ.

ಎರೆಭೂಮಿಯ ರೋಡು ಸುಮ್ಮನೆ ಮಲಗುವುದಿಲ್ಲ.
ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ.
ಡಾಂಬರು ಅದರ ಮೈಮೇಲಿನ ಕೌದಿ,
ನಿದ್ದೆಯಲ್ಲಿ ಕಾಲು ಮಡಚಿದಲ್ಲೆಲ್ಲ ಏರು.
ದಿನಾ ಔಷಧದ ಪೆಟ್ಟಿಗೆ ಹೇರಿಕೊಂಡು ಅದರ ಮೇಲೆಯೇ ಓಡಾಟ ನನ್ನದು.
ಕಿರೇಸೂರಿನ ತಿರುವಿನಲ್ಲಿ
ಮುಂದಿನ ಗಾಲಿ ಕೈಯ ಮಾತು ಕೇಳಿ ತಿರುಗಿದ ಮೇಲೂ
ಹಿಂಭಾಗ ಅರೆಗಳಿಗೆ ಯೋಚಿಸುತ್ತಿತ್ತು,
ಬರಲೋ ಬೇಡವೋ ಎಂದು.
ಕಸ್ತೂರಿ ಜೊತೆಗಿದ್ದ ದಿನ
ಬಾಗಿಲ ಮೇಲಿನ ಹಿಡಿಕೆಗೆ ಅವಳ ಕೈ ಹೋಗುತ್ತಿತ್ತು.

ಬಲಗಡೆಯ ಎರಡು ಬೋಲ್ಟು
ಬೆರಳಿನಿಂದಲೇ ಒಳಗಿಳಿದವು.
ಎಡಗಡೆ
ತೂತಿಗೆ ತೂತು ಕೂಡಲಿಲ್ಲ.
ಪಟ್ಟಿಯ ತೂತಿನಲ್ಲಿ ಕಂಡದ್ದು
ಅಮಾವಾಸ್ಯೆ ಮುಗಿದ ಮೂರನೆಯ ದಿನದಷ್ಟು ಸಂದು.
"ಬಡಿಗೇರ ತಪ್ಪಿದ" ಅಂದೆ.
ಗೌಸ್‌ಮೋದಿನ ಪಟ್ಟಿ ಅಳೆದ. ಸರಿಯಿತ್ತು.
ಆಮೇಲೆ ಗಾಡಿಯನ್ನೇ ಅಳೆದ,
ಈ ಮೂಲೆಯಿಂದ ಆ ಮೂಲೆಗೆ,
ಆ ಮೂಲೆಯಿಂದ ಈ ಮೂಲೆಗೆ,
ಟೇಪಿನ ತುದಿ ಹಿಡಿದವನು ನಾನೇ.

"ಪಟ್ಟಿ ಸೀದಾ ಐತ್ರಿ ಸರ.
ನಾಲ್ಕ ಎಮ್ಮೆಮ್ಮು. ಯಾವಾಗ ಬಡಿದಿದ್ರಿ?"

ಮೂರು ವರ್ಷದ ಹಿಂದೆ, ಹೆಬಸೂರು ದಾಟಿ,
ರಾತ್ರಿ ಹನ್ನೊಂದೂವರೆ, ಒಂದು ರೆಪ್ಪೆಯ ತೂಕಡಿಕೆ.
ಎಡ ಹಿಂಗಾಲಿ ಮೋರಿಯ ಕಲ್ಲಿಗೆ.
ಹೊರಗಿನ ತಗಡು ಗದಗಿನಲ್ಲಿ ಬಡಿಸಿ ಬಣ್ಣ ಹಚ್ಚಿಸಿದೆ.
ಮನೆಯಲ್ಲಿ ಹೇಳಿದ್ದು ಬೇರೆ:
ಅಂಗಡಿ ಮುಂದೆ ನಿಲ್ಲಿಸಿದ್ದೆ,
ಟ್ರ್ಯಾಕ್ಟರಿನವನೊಬ್ಬ ಹಿಂದೆ ತಗೊಳ್ಳುವಾಗ ಗುದ್ದಿ ಹೋದ.
ಆ ಇಲ್ಲದ ಟ್ರ್ಯಾಕ್ಟರಿನ ಇಲ್ಲದ ಡ್ರೈವರನನ್ನು
ಕಸ್ತೂರಿ ಒಂದು ತಿಂಗಳು ಬೈದಳು,
ಅವನ ಮನೆತನ ಹಿಡಿದು.
ನಾನೂ ಎರಡು ಮಾತು ಸೇರಿಸಿದೆ.

"ನೆನಪಿಲ್ಲ" ಅಂದೆ ಗೌಸ್‌ಮೋದಿನನಿಗೆ.
ಅವನು ಮತ್ತೆ ಕೇಳಲಿಲ್ಲ. ಗೋಲ ಅರ ತಗೊಂಡು
ಪಟ್ಟಿಯ ಕಿವಿ ತಿಕ್ಕತೊಡಗಿದ.
ಮುಕ್ಕಾಲು ತಾಸು.
ಹಳದಿ ಬಣ್ಣದ ಪುಡಿ, ಆಮೇಲೆ ಬೆಳ್ಳಗಿನ ಪುಡಿ,
ಮುದಕಪ್ಪನ ಚಹದಲ್ಲಿ ಬಿದ್ದದ್ದೂ ಅದೇ.
ದುಂಡನೆಯ ತೂತು ಮೊಟ್ಟೆಯ ಹಾಗಾಯಿತು,
ದಪ್ಪ ವಾಷರು ಅದನ್ನು ಮುಚ್ಚಿತು.
ಬೋಲ್ಟು ಕಚ್ಚಿ ಕೂತಾಗ
ಗಾಡಿಯೊಳಗೆಲ್ಲೋ ಟಕ್ ಅಂದಿತು, ಒಂದೇ ಸಲ.
ಇಬ್ಬರೂ ಕೇಳಿದೆವು.

ರವಿವಾರ ಕಸ್ತೂರಿಯ ಅಕ್ಕನ ಮನೆಗೆ ಹೊರಟೆವು.
ಕುಸುಗಲ್ಲು ದಾಟಿತು. ಗಲ್ಲಾಗಟ್ಟಲೆ ಬಿಸಿಲು.
ರೋಡಿನ ಏರಿಳಿತ ಇದ್ದಂತೆಯೇ ಇತ್ತು,
ಬೆನ್ನಿಗೆ ಮೊದಲಿಗಿಂತ ಚೂರು ಗಡಸಾಗಿಯೇ ತಾಗುತ್ತಿತ್ತು,
ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ.
ಕಿರೇಸೂರಿನ ತಿರುವು.
ಕೈ ತಿರುಗಿತು, ಮುಂದಿನದು ತಿರುಗಿತು,
ಹಿಂದಿನದು ಯೋಚಿಸದೆ ಬಂತು.

ಅವಳ ಕೈ ಹಿಡಿಕೆಯ ಅರ್ಧದವರೆಗೆ ಹೋಗಿ
ತೊಡೆಯ ಮೇಲಿನ ಬುತ್ತಿಗೆ ಮರಳಿತು.
"ಹಿಂದ ಯಾರೋ ಹಿಡಕೊಂಡಂಗ ಆಗೇದಲ್ಲ. ಎಷ್ಟಾತು?"
"ಎರಡು ಸಾವಿರದ ಏಳ್ನೂರು."
"ಆ ಟ್ರ್ಯಾಕ್ಟರಿನ ಭಾಡ್ಯಾನ ಕಡೆ ವಸೂಲ ಮಾಡಬೇಕಿತ್ತು."

ಎದುರಿಗೊಂದು ಹೊಟ್ಟಿನ ಗಾಡಿ ಬಂತು.
ಅದು ದಾಟುವವರೆಗೆ ಕಾದೆ.
"ಅವನ ಕೊಟ್ಟಾನ" ಅಂದೆ.

ಕಸ್ತೂರಿ ಈ ಕಡೆ ಹೊರಳಿದಳು.